ರೂಪಾಯಿ ಚಿಹ್ನೆಗೆ ಅಡ್ಡ ಬಂದ ಪ್ಲಗಿನ್

ಪ್ರಶ್ನೆ: ಕಾಫಿ, ಕರಿಮೆಣಸಿನ ಲೆಕ್ಕವನ್ನು ವಿಎಸ್ ಕೋಡ್ ಎಂಬ ಬರೆಯುವ ತಂತ್ರಾಂಶದಲ್ಲಿ ಬರೆದಿಡುತ್ತೇನೆ. ಅದಕ್ಕೆ ಹೊಸ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಕಿರುತಂತ್ರಾಂಶ) ಹಾಕಿದ ಮೇಲೆ, ₹ ಚಿಹ್ನೆಗಾಗಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಪ್ಲಗಿನ್ ತೆರೆದುಕೊಳ್ಳುತ್ತದೆ. ಪ್ಲಗಿನ್ ಬೇಕು, ಆ ಶಾರ್ಟ್‌ಕಟ್ ಬೇಡ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ವಿಂಡೋಸ್‌ನ ಭಾರತೀಯ ಇಂಗ್ಲಿಷ್ ಕೀಲಿಮಣೆಯಲ್ಲಿ ಬಲಗಡೆಯ ಆಲ್ಟ್ ಎಂದರೆ ಕಂಟ್ರೋಲ್, ಆಲ್ಟ್ ಎರಡನ್ನೂ ಒಟ್ಟಿಗೆ ಒತ್ತಿದಂತೆ. ನಿಮ್ಮ ಪ್ಲಗಿನ್ ಕಂಟ್ರೋಲ್+ಆಲ್ಟ್+4 ಅನ್ನು ಹಿಡಿದುಕೊಂಡಿದೆ, ಅಷ್ಟೇ. ಕೀಲಿಮಣೆ ಕೆಟ್ಟಿಲ್ಲ.

ಕಂಟ್ರೋಲ್+ಕೆ, ಬೆನ್ನಿಗೇ ಕಂಟ್ರೋಲ್+ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ಆಲ್ಟ್+ಕೆ ಒತ್ತಿ, ತೊಂದರೆ ಕೊಡುವ ಕೀಲಿಗಳನ್ನೇ ಒತ್ತಿ ನೋಡಿ. ಅವಕ್ಕೆ ಅಂಟಿಕೊಂಡ ಆಜ್ಞೆಗಳಷ್ಟೇ ಉಳಿಯುತ್ತವೆ. ಪ್ಲಗಿನ್‌ನ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಹೊಸ ಕೀಲಿ ಒತ್ತಿ, ಎಂಟರ್ ಕೊಡಿ. ಅದೇ ಕೀಲಿ ಬೇರೆ ಆಜ್ಞೆಗೂ ಇದ್ದರೆ ಅಲ್ಲೇ ತೋರಿಸುತ್ತದೆ. ಹೊಸದಕ್ಕೆ ಮತ್ತೆ ಕಂಟ್ರೋಲ್+ಆಲ್ಟ್ ಜೋಡಿ ಖಂಡಿತ ಬೇಡ. ಕಂಟ್ರೋಲ್+ಕೆ ಒಂದನ್ನೇ ಕೊಟ್ಟರೂ ಅದರಿಂದ ಶುರುವಾಗುವ ಎರಡು ಹಂತದ ಶಾರ್ಟ್‌ಕಟ್‌ಗಳೆಲ್ಲ ಕೈಕೊಡುತ್ತವೆ.

ಶಾರ್ಟ್‌ಕಟ್ ಬದಲಾವಣೆಗಳನ್ನು ಇಡುವ ಕೀಬೈಂಡಿಂಗ್ಸ್ ಜೇಸನ್ (keybindings.json) ಕಡತದಲ್ಲಿ ಕೈಯಾರೆ ಬರೆಯುವವರು ಎಡವುವುದು ಒಂದೇ ಕಡೆ: ಹೊಸ ಸಾಲು ಸೇರಿಸಿದ ಮಾತ್ರಕ್ಕೆ ಹಳೆಯದು ಹೋಗುವುದಿಲ್ಲ. ಹಳೆಯ ಕೀಲಿಯನ್ನೇ ಬರೆದು, ಆಜ್ಞೆಯ ಹೆಸರಿನ ಆರಂಭದಲ್ಲೇ ಮೈನಸ್ ಗುರುತು ಹಾಕಿದ ಇನ್ನೊಂದು ಸಾಲೂ ಬೇಕು. ಪ್ಲಗಿನ್‌ನ ಸ್ವಂತ ಕಡತಗಳನ್ನು ಮಾತ್ರ ತಿದ್ದಬೇಡಿ. ಮುಂದಿನ ಅಪ್‌ಡೇಟ್ ಅದನ್ನೆಲ್ಲ ಅಳಿಸಿಹಾಕುತ್ತದೆ.