ಸಂಪಾದಕರ ಉತ್ತರ: ನೈಟ್‌ನ ಆಣೆ ಮತ್ತು ನಮ್ಮ ಜೋಳವಾಳಿ

ಕಟಪಾಡಿಯ ಓದುಗರಿಗೆ ವಂದನೆಗಳು.

ಅಂತರ್ಜಾಲದಲ್ಲಿ ವಾರಕ್ಕೊಂದು ಅಧ್ಯಾಯದಂತೆ ಬರುತ್ತಿರುವ, ನೈಟ್ (ಮಧ್ಯಯುಗದ ಯುರೋಪಿನ ಕುದುರೆ ಸವಾರ ಯೋಧ) ಒಬ್ಬನ ಸಾಹಸಗಳ ಮಾಂತ್ರಿಕ ಕಾದಂಬರಿಯ ಕುರಿತು ಓದುಗರು ಬರೆದ ಅಭಿಪ್ರಾಯಗಳಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟದ್ದನ್ನು ತಾವು ಆಕ್ಷೇಪಿಸಿದ್ದೀರಿ. ಪರದೇಶದ ಕತ್ತಿ, ಕವಚ, ಡ್ರ್ಯಾಗನ್‌ಗಳ ಬಗ್ಗೆ ನಮ್ಮ ಕರಾವಳಿಯವರು ಪಕ್ಷ ಕಟ್ಟಿಕೊಂಡು ವಾದಿಸುವುದು ಸಾಹಿತ್ಯ ಚರ್ಚೆ ಹೇಗಾದೀತು ಎಂದು ಕೇಳಿದ್ದೀರಿ. ಅಲ್ಲಿ ಅಚ್ಚಾದ ಒಂದು ಮಾತು ತಪ್ಪೆಂದೂ ತಿಳಿಸಿದ್ದೀರಿ. ತಪ್ಪು ನಿಜ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ಉಕ್ಕಿನ ಕವಚ ತೊಟ್ಟವನನ್ನು ರಾಟೆ ಕಟ್ಟಿ ಎತ್ತಿ ಕುದುರೆಯ ಮೇಲೆ ಕೂರಿಸಬೇಕಿತ್ತು, ಆದ್ದರಿಂದ ಕಥಾನಾಯಕ ಓಡಿ ಬಂದು ಕುದುರೆ ಏರುವುದು ಅಸಂಬದ್ಧ ಎಂದು ಒಬ್ಬರು ಬರೆದದ್ದನ್ನು ನಾವು ಪರಿಶೀಲಿಸದೆ ಪ್ರಕಟಿಸಿದೆವು. 15ನೆಯ ಶತಮಾನದ ಯುರೋಪಿನಲ್ಲಿ ಯುದ್ಧಕ್ಕೆ ತೊಡುತ್ತಿದ್ದ ಪೂರ್ಣ ಕವಚ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತಿತ್ತು, ಮತ್ತು ಆ ಭಾರ ಹೆಗಲೊಂದರ ಮೇಲೆ ಬೀಳದೆ ಮೈತುಂಬ ಹಂಚಿಹೋಗುತ್ತಿತ್ತು. ಫ್ರಾನ್ಸಿನ ಸೇನಾನಿ ಬೂಸಿಕೋ ಕವಚ ತೊಟ್ಟೇ ಲಾಗ ಹಾಕುತ್ತಿದ್ದನೆಂದು ಅವನ ಕಾಲದಲ್ಲಿ ಬರೆದ ಚರಿತ್ರೆ ಹೇಳುತ್ತದೆ. ಕಿರೀಟ, ಭುಜಕೀರ್ತಿ, ಎದೆಪದಕ ಕಟ್ಟಿಕೊಂಡ ಯಕ್ಷಗಾನದ ವೇಷಧಾರಿ ದಿಗಿಣ ಹಾಕಿ ಸುತ್ತಿ ನೆಗೆಯುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನಮಗಾದರೂ ಸಂಶಯ ಬರಬೇಕಿತ್ತು.

ಇನ್ನು ಚರ್ಚೆಯ ವಿಷಯ. ಒಂದು ಹಳ್ಳಿಗೆ ಬೆಂಕಿ ಇಡು ಎಂದು ಅನ್ನವಿಟ್ಟ ಒಡೆಯನೇ ಆಜ್ಞಾಪಿಸಿದಾಗ ನೈಟ್ ಆಣೆ ಮುರಿದು ಹೊರಟುಹೋಗುತ್ತಾನೆ. ಓದುಗರು ಎರಡಾಗಿ ಒಡೆದದ್ದು ಈ ಅಧ್ಯಾಯದ ಮೇಲೆ. ಇದು ನಮಗೆ ಪರದೇಶದ ಪ್ರಶ್ನೆಯೇ? ಉಂಡ ಅನ್ನಕ್ಕೆ ಪ್ರಾಣ ಕೊಟ್ಟು ತೀರಿಸುವ ಹಂಗಿಗೆ ಹಳೆಗನ್ನಡದಲ್ಲಿ ಜೋಳವಾಳಿ ಎಂಬ ಹೆಸರಿದೆ, ಒಡೆಯನ ಜೊತೆಗೇ ಸಾಯುವೆನೆಂಬ ಆಣೆಗೆ ವೇಳೆವಾಳಿ ಎಂಬ ಹೆಸರಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಸಾವಿನೊಂದಿಗೆ ತನ್ನ ಪ್ರಾಣವನ್ನೂ ಒಪ್ಪಿಸಿದ ದಂಡನಾಯಕ ಕುವರ ಲಕ್ಷ್ಮನ ಶಾಸನವನ್ನು ಹಳೇಬೀಡಿನಲ್ಲಿ ಇಂದಿಗೂ ನೋಡಬಹುದು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ನಮ್ಮೂರ ತಾಳಮದ್ದಳೆಯಲ್ಲಿ ಕರ್ಣನ ಪಾತ್ರದ ಅರ್ಥ ಹೇಳುವವರು ದುರ್ಯೋಧನನ ಋಣವನ್ನೇ ಹಿಡಿದು ಕೃಷ್ಣನಿಗೆ ಗಂಟೆಗಟ್ಟಲೆ ಎದುರು ನಿಲ್ಲುತ್ತಾರೆ. ಕೇಳಿದವರು ಮರುದಿನ ಹೋಟೆಲಿನಲ್ಲಿ ಚಹಾ ಆರುವವರೆಗೂ ಅದನ್ನೇ ಚರ್ಚಿಸುತ್ತಾರೆ. ಅದನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಕರ್ಣ ಉಳಿದ, ಈ ನೈಟ್ ಬಿಟ್ಟುಹೋದ, ಮತ್ತು ಅದಕ್ಕಾಗಿ ಅವನನ್ನು ಕೃತಘ್ನನೆಂದು ಕರೆದ ಓದುಗರ ಸಿಟ್ಟು ಕೂಡ ಆ ಜೋಳವಾಳಿಯ ನೆನಪಿನಿಂದಲೇ ಬಂದದ್ದೆಂದು ನನ್ನ ನಂಬಿಕೆ. ನನ್ನ ಮಟ್ಟಿಗೆ ಹೇಳುವುದಾದರೆ, ಅವನು ಮಾಡಿದ್ದು ಸರಿ.

ಹಾಗೆಂದು ಎಲ್ಲ ಅಭಿಪ್ರಾಯಗಳನ್ನೂ ಸಮರ್ಥಿಸುತ್ತಿಲ್ಲ. ‘ಸೂಪರ್’ ಎಂದಷ್ಟೇ ಬರೆದವುಗಳನ್ನೂ, ಮುಂದಿನ ಕಥೆ ಹೀಗೇ ಸಾಗಬೇಕೆಂದು ಲೇಖಕರಿಗೆ ಅಪ್ಪಣೆ ಕೊಟ್ಟವುಗಳನ್ನೂ ಕೈಬಿಡಬೇಕಿತ್ತು. ಆದರೆ ಮೂಲ್ಕಿಯ ಓದುಗರೊಬ್ಬರು ಬರೆದದ್ದನ್ನು ತಾವು ದಯವಿಟ್ಟು ಇನ್ನೊಮ್ಮೆ ಓದಬೇಕು. ಆಜ್ಞೆ ಕೇಳಿ ಹೊರಬಂದ ನೈಟ್ ಜೀನಿನ ಪಟ್ಟಿ ಬಿಗಿಯುವಾಗ ಬಕಲ್ ಎರಡು ಸಲ ಕೈಯಿಂದ ಜಾರುತ್ತದೆ, ಇಪ್ಪತ್ತು ವರ್ಷ ದಿನವೂ ಮಾಡಿದ ಕೆಲಸದಲ್ಲಿ ಅವನ ಬೆರಳು ತಪ್ಪಿದಾಗಲೇ ತೀರ್ಮಾನ ಆಗಿಹೋಗಿತ್ತು ಎಂದು ಅವರು ಗುರುತಿಸಿದ್ದಾರೆ. ನಾನು ಆ ಅಧ್ಯಾಯವನ್ನು ಎರಡು ಬಾರಿ ಓದಿಯೂ ಇದನ್ನು ಗಮನಿಸಿರಲಿಲ್ಲ. ಇಂಥ ಓದಿಗೆ ಪುಟ ಕೊಡುವುದು ಪತ್ರಿಕೆಯ ಕೆಲಸವೆಂದೇ ತಿಳಿದಿದ್ದೇನೆ.

ಕವಚದ ತೂಕದ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಅದೇ ಪುಟದ ಮೇಲ್ಭಾಗದಲ್ಲಿ ಬರುತ್ತದೆ. ಇನ್ನು ಮುಂದೆ ಅಭಿಪ್ರಾಯ ಬರೆಯುವವರು ಯಾವ ಅಧ್ಯಾಯದ ಯಾವ ಸನ್ನಿವೇಶದ ಬಗ್ಗೆ ಹೇಳುತ್ತಿದ್ದೇವೆಂಬುದನ್ನು ಕಡ್ಡಾಯವಾಗಿ ನಮೂದಿಸಬೇಕೆಂದು ಕೋರುತ್ತೇವೆ. ನೈಟ್ ಮಾಡಿದ್ದು ದ್ರೋಹವೇ ಎಂದು ತಾವು ಭಾವಿಸುವುದಾದರೆ ಅದನ್ನೂ ಬರೆದು ಕಳುಹಿಸಿ, ಪ್ರಕಟಿಸುತ್ತೇವೆ.

– ಸಂಪಾದಕ