ಮೀಟಿಂಗ್ ಸೆಟ್ ಆಗ್ಲಿಲ್ಲ ಅಂದ್ರಲ್ಲ, ಯಾವ ಹೊತ್ತಿನ ಮೀಟಿಂಗ್‌ಗೆ ಹೋಗಿದ್ರಿ?

ಮೈಸೂರಲ್ಲಿ ಎರಡು ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಸೇರಿ ಒಬ್ಬರಿಗೊಬ್ಬರು ಆಸರೆಯಾಗೋ ಗುಂಪು) ಮೀಟಿಂಗ್‌ಗೆ ಹೋದೆ, ಒಂದ್ಕಡೆ ಬರೀ ಇಂಗ್ಲಿಷು, ಇನ್ನೊಂದ್ಕಡೆ ಕನ್ನಡ ಇದ್ರೂ ಬರೀ ದೇವರು, ನನಗಾಗೋ ಗುಂಪು ಹುಡುಕೋದು ಹೆಂಗೆ ಅಂತ ಕೇಳಿದೀರ. ನಾನು ಮಂಡ್ಯದೋನು ಸರ್, ಎಣ್ಣೆ ಬಿಟ್ಟು ಐದನೇ ವರ್ಷ ನಡೀತಿದೆ. ನಾನೂ ಹಿಂಗೇ ಸುತ್ತಿದೋನು.

ನಾನು ಮೊದಲು ಹುಡುಕಿದ್ದು ನನ್ನ ಮುಖ ಗುರುತಿರೋರು ಯಾರೂ ಇಲ್ಲದ ಜಾಗ. ಮಂಡ್ಯದಲ್ಲಾದ್ರೆ ಯಾರಾದ್ರೂ ನೋಡ್ತಾರೆ ಅಂತ ಭಾನುವಾರ ಬೆಳಿಗ್ಗೆ 45 ಕಿಲೋಮೀಟರ್ ಬಸ್ಸಲ್ಲಿ ಮೈಸೂರಿಗೆ ಹೋಗ್ತಿದ್ದೆ. ಮಟಮಟ ಮಧ್ಯಾಹ್ನ ಬಾರ್ ಮುಂದೆ ಚಪ್ಪಲಿ ಹುಡುಕ್ತಾ ಕೂತಿದ್ದನ್ನ ಇಡೀ ಬೀದಿ ನೋಡಿತ್ತು, ಅದಕ್ಕಿಲ್ಲದ ನಾಚಿಕೆ ಬಿಡೋಕೆ ಹೋಗೋವಾಗ ಬಂತು ನೋಡಿ. ಮೀಟಿಂಗ್ ಚೆನ್ನಾಗೇ ಇತ್ತು, ಜನಾನೂ ಒಳ್ಳೆಯೋರು, ಆದ್ರೆ ನಾನು ಕುಡೀತಿದ್ದಿದ್ದು ಸಂಜೆ ಏಳಕ್ಕೆ, ಅಂಗಡಿ ಶಟರ್ ಎಳೆದು ಬೀಗ ಹಾಕ್ತಿದ್ದಂಗೆ ಕಾಲು ತಾನೇ ತಾನಾಗಿ ಆ ಕಡೆ ತಿರುಗ್ತಿತ್ತು, ಭಾನುವಾರ ಬೆಳಿಗ್ಗೆ ಕೇಳಿದ ಮಾತು ಸೋಮವಾರ ಸಂಜೆಗೆ ಒಂದಕ್ಷರ ಉಳೀತಿರ್ಲಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಸಲ ಸ್ಲಿಪ್ ಆದೆ, ಅಂದ್ರೆ ಮತ್ತೆ ಕುಡಿದೆ.

ಆವಾಗ ಅಲ್ಲಿನ ಹಿರೀಕರೊಬ್ಬರು ಕೇಳಿದ್ರು, ಎಷ್ಟು ಗಂಟೆಗೆ ಕುಡೀತಿದ್ದಪ್ಪ ನೀನು? ಏಳಕ್ಕೆ ಅಂದೆ. ಮತ್ತೆ ಹನ್ನೊಂದು ಗಂಟೆಗೆ ಯಾಕೆ ಬರ್ತೀಯ ಅಂದ್ರು.

ನಿಮಗೂ ನಾನು ಕೇಳೋದು ಅದೇ. ಭಾಷೆ, ದೇವರು ಎಲ್ಲಾ ಆಮೇಲೆ, ಮೊದಲು ನಿಮ್ಮ ಕುಡಿಯೋ ಹೊತ್ತಿಗೆ ಇರೋ, ನಡ್ಕೊಂಡೋ ಗಾಡೀಲೋ ಹತ್ತು ಹದಿನೈದು ನಿಮಿಷಕ್ಕೆ ಮುಟ್ಟೋ ಮೀಟಿಂಗ್ ಹುಡುಕಿ. ನನಗೆ ಊರಲ್ಲೇ ಒಂದು ಚರ್ಚ್ ಹಿಂದಿನ ಕೋಣೇಲಿ ಸಿಕ್ತು. ನಮ್ಮವ್ವ, ಏನ್ಲಾ ಚರ್ಚಿಗೆ ಓಯ್ತಾ ಇದೀಯಂತೆ, ಜಾತಿ ಬಿಟ್ಟ್ಯಾ ಅಂತ ಎರಡು ದಿನ ಮಾತು ಬಿಟ್ಟಿತ್ತು, ಜಾಗ ಅಷ್ಟೇ ಅವರದು ಕಣವ್ವ ಅಂತ ಹೇಳಿ ಸಾಕಾಯ್ತು. ಗುರುತಿನ ಭಯ ಇತ್ತಲ್ಲ, ಹೋದ ಮೊದಲ ದಿನಾನೇ ಬಾರಲ್ಲಿ ಪಕ್ಕದ ಟೇಬಲ್‌ಗೆ ಕೂರ್ತಿದ್ದೋನು ಅಲ್ಲಿ ಕೂತಿದ್ದ, ಇಬ್ಬರಿಗೂ ನಗು ತಡೆಯೋಕಾಗ್ಲಿಲ್ಲ.

ಅಲ್ಲಿ ಟೀ ಕೊಡ್ತಿದ್ದ ಅಣ್ಣ ಎಲ್ಲರಿಗೂ ಲೋಟದ ತುಂಬ ಕೊಟ್ಟು ನನಗೆ ಮಾತ್ರ ಅರ್ಧ ಲೋಟ ಕೊಟ್ಟ. ನನಗೆ ಉರಿದೋಯ್ತು, ಹೊಸಬ ಅಂತ ಹಿಂಗಾ ಅಂತ. ಆಮೇಲೆ ಗೊತ್ತಾಯ್ತು, ಹೊಸಬರ ಕೈ ನಡುಗುತ್ತೆ, ಚೆಲ್ಲಿಕೊಂಡು ಎಲ್ಲರ ಮುಂದೆ ಅವಮಾನ ಆಗ್ಬಾರ್ದು ಅಂತ ಅವನು ಎಲ್ಲಾ ಹೊಸಬರಿಗೂ ಅರ್ಧಾನೇ ಕೊಡ್ತಾನೆ, ಖಾಲಿಯಾದ್ಮೇಲೆ ಕೇಳದೇ ಇನ್ನರ್ಧ ಹಾಕ್ತಾನೆ. ಇಂಥೋರು ಒಬ್ಬರಿದ್ರೆ ಸಾಕು, ಶೇರಿಂಗ್, ಅಂದ್ರೆ ಒಬ್ಬೊಬ್ಬರೂ ತಮ್ಮ ಕಥೆ ಹೇಳೋದು, ಬೋರ್ ಹೊಡೆದ್ರೂ ಕೂತ್ಕೋಬಹುದು.

ದೇವರ ವಿಷಯ. ಕುಡಿತ ಬಿಡೋಕೆ ಅಂತ ಎಎ ಬರೆದಿಟ್ಟಿರೋ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಅನ್ನೋ ಪದ ಇದೆ ನಿಜ, ಆದ್ರೆ ನಮ್ಮ ನಮ್ಮ ತಿಳುವಳಿಕೆಗೆ ಬಂದ ದೇವರು ಅಂತಾನೇ ಬರೆದಿರೋದು, ನಮ್ಮ ಗುಂಪಲ್ಲಿ ಒಬ್ಬ ಪಕ್ಕಾ ನಾಸ್ತಿಕ ಇದಾನೆ, ಈ ಗುಂಪೇ ನನ್ನ ದೇವರು ಅಂತಾನೆ. ಸೇರೋಕೆ ಇರೋ ಷರತ್ತು ಒಂದೇ, ಕುಡಿಯೋದು ನಿಲ್ಲಿಸಬೇಕು ಅನ್ನೋ ಆಸೆ. ಫೀಸಿಲ್ಲ, ಕೊನೇಲಿ ತಟ್ಟೆ ಬಂದಾಗ ಕೈಲಾದ್ರೆ ಹಾಕಿ. ಎಎ ಶುರುವಾಗಿದ್ದೇ 1935ರಲ್ಲಿ, ಅಮೆರಿಕದ ಏಕ್ರನ್ ಊರಲ್ಲಿ. ಬಿಸಿನೆಸ್ ಕೈಕೊಟ್ಟು ಹೋಟೆಲ್ ಲಾಬೀಲಿ ನಿಂತಿದ್ದ ಬಿಲ್ ಅನ್ನೋನು ಪಕ್ಕದ ಬಾರಿಗೆ ಹೋಗೋ ಬದಲು ಫೋನ್ ಮೇಲೆ ಫೋನ್ ಮಾಡಿ ತನ್ನಂಗೇ ಕುಡಿತಕ್ಕೆ ಬಿದ್ದಿದ್ದ ಒಬ್ಬ ಡಾಕ್ಟರನ್ನ ಹುಡುಕಿದ. ಅವನಿಗೂ ಕಷ್ಟ ಆಗಿದ್ದು ಕುಡಿಯೋ ಆಸೆ ಎದ್ದ ಆ ಹೊತ್ತೇ ನೋಡಿ.

ಇನ್ನೊಂದು, ದಿನಾ ಕುಡಿಯೋರಾದ್ರೆ ಮೀಟಿಂಗ್ ಹುಮ್ಮಸ್ಸಲ್ಲಿ ಇವತ್ತೇ ನಿಲ್ಲಿಸ್ತೀನಿ ಅಂತ ಮನೇಲಿ ಒಬ್ಬರೇ ನಿಲ್ಲಿಸೋಕೆ ಹೋಗ್ಬೇಡಿ. ನಾನು ಹಂಗೆ ಮಾಡಿ ಎರಡನೇ ದಿನ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದೆ, ಹಣೆ ಮೇಲೆ ಹೊಲಿಗೆ ಇನ್ನೂ ಕಾಣುತ್ತೆ. ಕೆಲವರಿಗೆ ಎರಡರಿಂದ ನಾಲ್ಕು ದಿನದೊಳಗೆ ಇಲ್ಲದ್ದೆಲ್ಲ ಕಾಣೋದು, ಏನೇನೋ ಮಾತಾಡೋದು ಆಗುತ್ತೆ, ಪ್ರಾಣಾನೂ ಹೋಗಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ, ಮಾನಸಿಕ ವಿಭಾಗದಲ್ಲಿ ತೋರಿಸಿ. ಯಾರತ್ರ ಹೇಳ್ಕೊಳೋದು ಅನ್ನೋ ಹಾಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕಟ್ಟಾಗಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಎಎ ಒಗ್ಗಲೇ ಇಲ್ಲ ಅಂದ್ರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೋರು ಹಳ್ಳಿಗಳ ಕಡೆ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರೆ, ಆಮೇಲೂ ಸೇರ್ತಾ ಇರೋಕೆ ನವಜೀವನ ಸಮಿತಿ ಅಂತ ಇರುತ್ತೆ. ನಮ್ಮ ಷಡ್ಡಕ ಬಿಟ್ಟಿದ್ದು ಅಲ್ಲೇ, ನನಗಾದ್ರೆ ಆ ಭಜನೆ ಆಗ್ತಿರ್ಲಿಲ್ಲ. ಮನೆಯೋರಿಗೆ ಅಲ್‌ಅನಾನ್ ಅಂತ ಬೇರೆ ಗುಂಪು, ನನ್ನ ಹೆಂಡ್ತಿ ನನಗಿಂತ ರೆಗ್ಯುಲರ್.

ಈ ಸಲ ನೀವು ಹೋದ ಆ ಕನ್ನಡ ಮೀಟಿಂಗ್‌ಗೇ ಹತ್ತು ನಿಮಿಷ ಮುಂಚೆ ಹೋಗಿ, ಕುರ್ಚಿ ಹಾಕ್ತಿರೋರು ಯಾರು ನೋಡಿ, ಒಂದು ಕೈ ಕೊಡಿ, ನಿಮ್ಮ ಹೊತ್ತು ಹೇಳಿ ಆ ಹೊತ್ತಿಗೆ ಯಾವ್ಯಾವ ದಿನ ಎಲ್ಲೆಲ್ಲಿ ಮೀಟಿಂಗ್ ಇದೆ ಅಂತ ಕೇಳಿ. ಗೂಗಲ್‌ನಲ್ಲಿರೋ ಟೈಮಿಂಗ್ ಹಳೇದಿರಬಹುದು, ಅವರಿಗೆ ಬಾಯಿಪಾಠ ಇರುತ್ತೆ.