ಸ್ವಿಟ್ಜರ್‌ಲೆಂಡಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಜನರ ಜೊತೆ ಬೇಗ ಬೆರೆಯಲು ಯಾವ ಇತಿಹಾಸ ಓದಿಕೊಳ್ಳಲಿ?

ವಿಲಿಯಂ ಟೆಲ್ ಕಥೆ, ಬ್ಯಾಂಕು, ಯಾರ ಯುದ್ಧಕ್ಕೂ ಸೇರದ ನೀತಿ. ಇಷ್ಟು ಓದಿಕೊಂಡು 2015ರಲ್ಲಿ ನಾನೂ ಹೋಗಿದ್ದೆ. ಬರ್ನ್ ಪ್ರಾಂತ್ಯದ ಎಮೆಂಟಾಲ್ ಕಣಿವೆಯಲ್ಲಿ ಮನೆ. ಪಕ್ಕದಲ್ಲಿ ಎಪ್ಪತ್ತೈದು ದಾಟಿದ ಒಬ್ಬ ಅಜ್ಜ. ನನ್ನ ಅರೆಬರೆ ಜರ್ಮನ್ ತಿದ್ದುತ್ತಿದ್ದರು. ಪ್ರತಿ ಶನಿವಾರ ಕಾಫಿಗೆ ಕರೆಯುತ್ತಿದ್ದರು. ಆ ಊರಲ್ಲಿ ನನಗೆ ಆಪ್ತರು ಅಂತ ಇದ್ದಿದ್ದು ಅವರೊಬ್ಬರೇ.

ಒಂದು ಸಂಜೆ ಎದುರಿನ ಗುಡ್ಡದಿಂದ ಹಸುಗಳ ಗಂಟೆ ಕೇಳುತ್ತಿತ್ತು. "ಇಂಥ ಕಡೆ ಬೆಳೆದ ನೀವು ಪುಣ್ಯವಂತರು. ಚಿಕ್ಕಂದಿನಲ್ಲಿ ಹಾಲು ಬೆಣ್ಣೆಗೆ ಕೊರತೆಯೇ ಇರಲಿಲ್ಲ, ಅಲ್ವಾ?" ಅಂದೆ. ಅವರು ಸುಮ್ಮನಾದರು.

ನಾನು ಕೆಟ್ಟಿದ್ದು ಇಲ್ಲಿಂದ ಮುಂದೆ. ನನ್ನ ಜರ್ಮನ್ ಅರ್ಥವಾಗಲಿಲ್ಲವೇನೋ ಅಂದುಕೊಂಡೆ. ಅದೇ ಮಾತನ್ನು ಬಿಡಿಸಿ ಬಿಡಿಸಿ, ಜೋರಾಗಿ ಹೇಳಿದೆ. ಆಗಲೂ ಉತ್ತರವಿಲ್ಲ. ಕಿವಿ ಮಂದ ಇರಬೇಕು ಅಂತ ಹತ್ತಿರ ಬಾಗಿದೆ. ಗುಡ್ಡದ ಕಡೆ ಕೈ ತೋರಿಸಿ, ನಿಮ್ಮ ಅಪ್ಪ ಅಮ್ಮನ ಮನೆ ಯಾವುದು ಅಂತ ಕೇಳಿದೆ. ಮೂರು ಸಲ! ಮೊದಲ ಸಲಕ್ಕೇ ನಿಲ್ಲಿಸಿದ್ದರೆ ಅವರೇ ಬೇರೆ ಮಾತು ತೆಗೆಯುತ್ತಿದ್ದರು. ಕಪ್ ಕೆಳಗಿಟ್ಟು ಒಳಗೆ ಹೋದರು. ಮುಂದಿನ ಶನಿವಾರ ಕರೆಯಲಿಲ್ಲ. ಆಮೇಲೆ ಯಾವತ್ತೂ ಕರೆಯಲಿಲ್ಲ.

ಅವರ ಮಗಳು ಹೇಳಿದ ಮೇಲೆ ಗೊತ್ತಾಯಿತು, ಅಜ್ಜ 'ಫೆರ್ಡಿಂಗ್‌ಬೂಬ್' ಆಗಿದ್ದರು. ಬಡವರ ಮಕ್ಕಳು, ಅನಾಥರು, ಮದುವೆಯಾಗದ ತಾಯಂದಿರ ಮಕ್ಕಳು, ಇವರನ್ನೆಲ್ಲ ಅಧಿಕಾರಿಗಳೇ ಕರೆದೊಯ್ದು ರೈತರ ಮನೆಗೆ ದುಡಿಯಲು ಬಿಡುತ್ತಿದ್ದರು. ನಮ್ಮ ಮಾತಲ್ಲಿ ಹೇಳುವುದಾದರೆ ಜೀತ. 19ನೇ ಶತಮಾನದಲ್ಲಿ ಕೆಲವು ಕಡೆ ಹರಾಜೇ ನಡೆಯುತ್ತಿತ್ತು. ಸಾಕುವುದಕ್ಕೆ ಯಾರು ಕಡಿಮೆ ದುಡ್ಡು ಕೇಳುತ್ತಾರೋ ಮಗು ಅವರ ಪಾಲು. ಹರಾಜು ನಿಂತರೂ ಪದ್ಧತಿ ನಿಲ್ಲಲಿಲ್ಲ. 1960ರ ದಶಕದಲ್ಲೂ ಇತ್ತು.

ಸರ್ಕಾರದ ಪರವಾಗಿ ಸಚಿವೆ ಸಿಮೊನೆಟಾ ಸೊಮ್ಮರೂಗಾ ಕ್ಷಮೆ ಕೇಳಿದ್ದು 2013ರ ಏಪ್ರಿಲ್ 11ರಂದು. ಆಮೇಲೆ ಗೀಡೊ ಫ್ಲೂರಿ ಎಂಬ ಉದ್ಯಮಿ, ಅವರೂ ಬಾಲಾಶ್ರಮ ಕಂಡವರೇ, ಲಕ್ಷಕ್ಕೂ ಜಾಸ್ತಿ ಸಹಿಗಳೊಂದಿಗೆ ಪರಿಹಾರಕ್ಕೆ ಪಟ್ಟು ಹಿಡಿದರು. 2017ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಬದುಕಿರುವ ಸಂತ್ರಸ್ತರಿಗೆ ತಲಾ 25,000 ಫ್ರಾಂಕ್ ಸಿಕ್ಕಿತು. ಮಗಳು ಫಾರಂ ತಂದುಕೊಟ್ಟರೂ ಅಜ್ಜ ಮುಟ್ಟಲಿಲ್ಲವಂತೆ. ಅನುಭವಿಸಿದ್ದನ್ನೆಲ್ಲ ಮತ್ತೆ ಕೂತು ಬರೆಯಬೇಕಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜನರ ಜೊತೆ ಬೆರೆಯಲು ಅಂತ ಇತಿಹಾಸ ಓದಬೇಡಿ. ಏನನ್ನು ಕೇಳಬಾರದು ಅಂತ ತಿಳಿಯಲು ಓದಿ. ನಿಮ್ಮದು ನೂರಾರು ವರ್ಷದ ಪ್ರಜಾಪ್ರಭುತ್ವ ಅಂತ ಅಲ್ಲಿನ ಅಜ್ಜಿಯರ ಮುಂದೆ ಸುಮ್ನೆ ಹೊಗಳಲೂ ಬೇಡಿ. ದೇಶದ ಚುನಾವಣೆಯಲ್ಲಿ ಅವರಿಗೆ ಮತದ ಹಕ್ಕು ಬಂದದ್ದೇ 1971ರಲ್ಲಿ. ರೈಲು, ಹಿಮ, ಚೀಸ್, ಮಾತಿಗೆ ಇಷ್ಟು ಸಾಕು. ಬಾಲ್ಯದ ಮಾತು ಅವರಾಗಿಯೇ ತೆಗೆದರೆ ಕೇಳಿಸಿಕೊಳ್ಳಿ. ಯಾರಾದರೂ ಸುಮ್ಮನಾದರೆ, ನಿಮ್ಮ ಜರ್ಮನ್ ಸರಿಯಿಲ್ಲ ಅಂದುಕೊಂಡು ಮತ್ತೆ ಕೇಳಬೇಡಿ.